ಮೋಟರ್ ವೈಂಡಿಂಗ್ ಅಂಗಡಿಯ ಲೆಕ್ಕ: ರಿಜಿಸ್ಟರೋ, ಉದ್ರಿ ಆ್ಯಪೋ, ಶೀಟೋ, ಬಿಲ್ಲಿಂಗ್ ಸಾಫ್ಟ್‌ವೇರೋ?

ಪಂಪ್‌ಸೆಟ್ ಮೋಟರ್ ಕಟ್ಟುವ, ಅಂದರೆ ಸುಟ್ಟ ಮೋಟರಿಗೆ ಹೊಸ ತಾಮ್ರದ ತಂತಿ ಸುತ್ತುವ ಅಂಗಡಿಯಲ್ಲಿ ನಾಲ್ಕು ಪುಸ್ತಕ ಇರುತ್ತವೆ. ಬಂದ ಮೋಟರ್ ಬರೆದುಕೊಳ್ಳುವ ದಪ್ಪ ರಿಜಿಸ್ಟರ್, ಉದ್ರಿ ಪುಸ್ತಕ, ಬಿಲ್ ಬುಕ್, ಯಾವ ಮೋಟರಿಗೆ ಎಷ್ಟು ಸುತ್ತು, ಎಂಥ ತಂತಿ ಎಂದು ಬರೆದ, ವಾರ್ನಿಶ್ ಕಲೆ ಹತ್ತಿದ ವೈಂಡಿಂಗ್ ಡೇಟಾ ನೋಟ್‌ಬುಕ್. "ಎಲ್ಲ ಮೊಬೈಲಿಗೆ ಹಾಕಿಬಿಡೋಣ" ಎಂದು ಹೊರಟವರು ಯಾವುದೋ ಒಂದು ಆ್ಯಪ್ ಇಳಿಸಿಕೊಂಡು ನಾಲ್ಕನ್ನೂ ಅದರೊಳಗೆ ತುರುಕಲು ನೋಡುತ್ತಾರೆ. ಬೇಸಿಗೆ ಏರಿ ದಿನಕ್ಕೆ ಹತ್ತು ಮೋಟರ್ ಬಂದು ಬೀಳತೊಡಗಿದಾಗ ಮತ್ತೆ ಪೆನ್ನು ಹಿಡಿಯುತ್ತಾರೆ.

ಈ ನಾಲ್ಕು ಪುಸ್ತಕಗಳ ಸ್ವಭಾವ ಬೇರೆ ಬೇರೆ. ಉದ್ರಿ ಪುಸ್ತಕ ಕಳೆದರೆ ಹಣ ಹೋಗುತ್ತದೆ. ರಿಜಿಸ್ಟರ್ ಗೊಂದಲವಾದರೆ ಒಬ್ಬರ ರೋಟರ್ (ಮೋಟರಿನ ತಿರುಗುವ ಭಾಗ) ಇನ್ನೊಬ್ಬರ ಮನೆ ಸೇರುತ್ತದೆ. ಬಿಲ್ ಬುಕ್ ಸರಿಯಿಲ್ಲದಿದ್ದರೆ ಜಿಎಸ್‌ಟಿ ತಲೆನೋವು. ಡೇಟಾ ನೋಟ್‌ಬುಕ್ ಹೋದರೆ ಮಾತ್ರ ಹತ್ತಾರು ವರ್ಷದ ಅನುಭವವೇ ಹೋದಂತೆ, ಅದನ್ನು ಹಣ ಕೊಟ್ಟರೂ ತರಲಾಗದು. ಹಾಗಾಗಿ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುವ ಮುಂಚೆ ನಿಮ್ಮಲ್ಲಿ ಯಾವ ಪುಸ್ತಕ ಹೆಚ್ಚು ಕಾಡುತ್ತಿದೆ ಎಂದು ನೋಡಿಕೊಳ್ಳಿ. ಆಯ್ಕೆ ಅಲ್ಲೇ ಅರ್ಧ ಮುಗಿಯುತ್ತದೆ.

ಮೊದಲು ಬಿಲ್ಲೆ, ಆಮೇಲೆ ಸಾಫ್ಟ್‌ವೇರ್

ಯಾವ ದಾರಿ ಹಿಡಿದರೂ ಭಾಗಗಳಿಗೆ ನಂಬರಿನ ಬಿಲ್ಲೆ ಕಟ್ಟುವುದನ್ನು ಬಿಡುವಂತಿಲ್ಲ. ಮೋಟರ್ ಬಿಚ್ಚಿದ ಮೇಲೆ ಅದು ಒಂದು ವಸ್ತುವಾಗಿ ಉಳಿಯುವುದಿಲ್ಲ. ಸ್ಟೇಟರ್ (ತಂತಿ ಸುತ್ತಿದ, ತಿರುಗದ ಭಾಗ) ಒಂದು ಕಡೆ, ರೋಟರ್ ಲೇತ್ ಅಂಗಡಿಗೆ, ಪಂಪ್ ಇನ್ನೊಂದು ಮೂಲೆಗೆ, ಕವರ್ ಮತ್ತು ನಟ್ಟು ಬೋಲ್ಟು ಡಬ್ಬಕ್ಕೆ. ಪರದೆಯ ಮೇಲೆ ಎಷ್ಟೇ ಚಂದ ಬರೆದಿದ್ದರೂ ನೆಲದ ಮೇಲಿರುವ ಕಬ್ಬಿಣ ಯಾರದ್ದು ಎಂದು ಗೊತ್ತಾಗದಿದ್ದರೆ ಆ ದಾಖಲೆಯಿಂದ ಪ್ರಯೋಜನವಿಲ್ಲ.

ಕಾಗದದ ಚೀಟಿ ಗ್ರೀಸಿಗೆ ನಿಲ್ಲದು. ಥರ್ಮಲ್ ಪ್ರಿಂಟರಿನ ಸ್ಟಿಕ್ಕರ್ ಬಿಸಿ ತಾಗಿದರೆ ಪೂರಾ ಕಪ್ಪಾಗುತ್ತದೆ, ವಾರ್ನಿಶ್ ಓವನ್ನಿಗೆ ಹೋಗಿ ಬಂದ ಸ್ಟೇಟರಿನ ಮೇಲೆ ಅದನ್ನು ಓದುವ ಮಾತೇ ಇಲ್ಲ. ಕ್ಯೂಆರ್ ಕೋಡನ್ನೂ ಮೋಟರಿನ ಮೈಮೇಲೆ ಅಂಟಿಸಬೇಡಿ. ಸ್ಟೀಲ್ ತಗಡಿನ ಬಿಲ್ಲೆಗೆ ಪಂಚ್‌ನಿಂದ ನಂಬರ್ ಹೊಡೆಸಿ ಬೈಂಡಿಂಗ್ ತಂತಿಯಲ್ಲಿ ಕಟ್ಟುವುದೇ ಗಟ್ಟಿ. 1ರಿಂದ 60ರವರೆಗೆ ನಂಬರ್, ಒಂದೊಂದು ನಂಬರಿಗೆ ನಾಲ್ಕು ಬಿಲ್ಲೆ: ಸ್ಟೇಟರ್, ರೋಟರ್, ಪಂಪ್, ಬಿಡಿಭಾಗದ ಚೀಲ. ಒಟ್ಟು 240 ಬಿಲ್ಲೆ. ಮೋಟರ್ ಕೊಡುವಾಗ ನಾಲ್ಕೂ ವಾಪಸ್ ಬಂದವೇ ಎಂದು ಎಣಿಸಿದರೆ ಭಾಗ ಅದಲುಬದಲಾದದ್ದು ಅಲ್ಲೇ ಸಿಕ್ಕಿಬೀಳುತ್ತದೆ.

ಬಿಲ್ಲೆ ನಂಬರ್ ಬೇರೆ, ಬಂದ ಪ್ರತಿ ಕೆಲಸಕ್ಕೆ ಕೊಡುವ ಜಾಬ್ ನಂಬರ್ ಬೇರೆ. ಬಿಲ್ಲೆ ತಿರುಗಿ ತಿರುಗಿ ಬಳಕೆಯಾಗುತ್ತದೆ, ಜಾಬ್ ನಂಬರ್ ಒಮ್ಮೆ ಕೊಟ್ಟರೆ ಮುಗಿಯಿತು. ಇವೆರಡನ್ನು ಒಂದೇ ಮಾಡಿಕೊಂಡರೆ ಮುಂದಿನ ವರ್ಷ 37ನೇ ನಂಬರಿನ ಮೋಟರ್ ಎಂದರೆ ಯಾವುದು ಎಂದು ಯಾರಿಗೂ ಹೇಳಲಾಗದು.

ದಾರಿ ಒಂದು: ಕಾಗದವನ್ನೇ ಸರಿಪಡಿಸಿಕೊಳ್ಳುವುದು

ಒಬ್ಬರೇ ಕೆಲಸ ಮಾಡುವ, ತಿಂಗಳಿಗೆ ಹದಿನೈದು ಇಪ್ಪತ್ತು ಮೋಟರ್ ಬರುವ ಅಂಗಡಿಗೆ ಇದು ಸಾಕು. ನಂಬರ್ ಅಚ್ಚಾದ ಕಾರ್ಬನ್ ರಸೀದಿ ಪುಸ್ತಕ ಮಾಡಿಸಿ. ಡೇಟಾಕ್ಕೆ ನೋಟ್‌ಬುಕ್ ಬಿಟ್ಟು, ಮೋಟರಿಗೊಂದು ದಪ್ಪ ಕಾರ್ಡ್ ಇಟ್ಟು ಎಚ್‌ಪಿ ಪ್ರಕಾರ ಡಬ್ಬದಲ್ಲಿ ಜೋಡಿಸಿ. ಕಾರ್ಡ್ ಕೈಗೆ ಬೇಗ ಸಿಗುತ್ತದೆ, ನೋಟ್‌ಬುಕ್ಕಿನಲ್ಲಿ ಪುಟ ತಿರುವುತ್ತಾ ಕೂರಬೇಕು. ವಾರಕ್ಕೊಮ್ಮೆ ಹೊಸ ಕಾರ್ಡುಗಳ ಫೋಟೋ ತೆಗೆದಿಡಿ. ಕಾಗದದಿಂದ ಆಗದ ಕೆಲಸ ಹುಡುಕುವುದು: "ಈ ರೈತರ ಮೋಟರ್ ಹೋದ ವರ್ಷ ಯಾಕೆ ಸುಟ್ಟಿತ್ತು?" ಎಂಬ ಪ್ರಶ್ನೆಗೆ ಅದು ಉತ್ತರ ಕೊಡುವುದಿಲ್ಲ.

ದಾರಿ ಎರಡು: ಉದ್ರಿ ಆ್ಯಪ್ ಮತ್ತು ವಾಟ್ಸ್‌ಆ್ಯಪ್

ಖಾತಾಬುಕ್, ಓಕೆಕ್ರೆಡಿಟ್ ಎರಡೂ ಉದ್ರಿ ಲೆಕ್ಕ ಬರೆದಿಡುವ ಆ್ಯಪ್‌ಗಳು. ಉದ್ರಿಯೇ ನಿಮ್ಮ ದೊಡ್ಡ ಕಷ್ಟವಾಗಿದ್ದರೆ ಇಲ್ಲಿಂದ ಶುರುಮಾಡಿ. ಯಾರು ಎಷ್ಟು ಕೊಡಬೇಕು ಎಂಬುದು ಇವುಗಳಿಗೆ ಚೆನ್ನಾಗಿ ಗೊತ್ತು. ಮೋಟರ್ ಎಲ್ಲಿದೆ, ಯಾವ ಹಂತದಲ್ಲಿದೆ ಎಂಬುದು ಗೊತ್ತಿಲ್ಲ. ಪ್ರತಿ ನಮೂದಿನ ಷರಾ ಜಾಗದಲ್ಲಿ ಜಾಬ್ ನಂಬರ್ ಹಾಕುವ ಅಭ್ಯಾಸವಿದ್ದರೆ ಮಾತ್ರ ಮುಂದೆ ಜಗಳ ಬಂದಾಗ ಯಾವ ಕೆಲಸದ ಬಾಕಿ ಎಂದು ತೋರಿಸಬಹುದು.

ಹಳೆಯ ಬಾಕಿಗಳನ್ನು ತುಂಬುವ ಮುಂಚೆ ಸೆಟ್ಟಿಂಗ್ ನೋಡಿ, ಗಿರಾಕಿಗೆ ತಾನಾಗಿ ಸಂದೇಶ ಹೋಗುವುದನ್ನು ನಿಲ್ಲಿಸಿ. ಇಲ್ಲದಿದ್ದರೆ ಒಂದೇ ಸಂಜೆ ಊರಿಗೆಲ್ಲ ಬಾಕಿ ನೋಟಿಸ್ ಹೋದಂತಾಗಿ, ಮೂವತ್ತು ವರ್ಷದ ಗಿರಾಕಿಗಳು ಮುನಿಸಿಕೊಳ್ಳುತ್ತಾರೆ. ರೈತರ ಹಣ ತಿಂಗಳ ಲೆಕ್ಕದಲ್ಲಿ ಬರುವುದಲ್ಲ. ಕಬ್ಬಿನ ಬಿಲ್ ಆದಾಗ, ಅಡಿಕೆ ಮಾರಿದಾಗ, ಮೆಕ್ಕೆಜೋಳ ಮಂಡಿಗೆ ಹೋದಾಗ ಬರುತ್ತದೆ. ಅವರೇ ಹೇಳಿದ ವಾಯಿದೆ ದಿನವನ್ನು ಹಾಕಿಕೊಂಡು ಅಂದು ನೆನಪಿಸಿದರೆ ವಸೂಲಿಯೂ ಆಗುತ್ತದೆ, ಸಂಬಂಧವೂ ಉಳಿಯುತ್ತದೆ.

ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕಿ ಕೆಲಸದ ಹಂತ ತೋರಿಸುವ ಉಪಾಯವನ್ನು ಹಲವರು ಮಾಡುತ್ತಾರೆ. ಒಂದೇ ಗಿರಾಕಿಯ ಎರಡು ಮೋಟರ್ ಒಟ್ಟಿಗೆ ಬಂದ ದಿನ ಅದು ಕೆಡುತ್ತದೆ, ಏಕೆಂದರೆ ಚಾಟಿಗೆ ಹಾಕಿದ ಲೇಬಲ್ ಕೂರುವುದು ಮನುಷ್ಯರ ಮೇಲೆ, ಮೋಟರಿನ ಮೇಲಲ್ಲ. ವಾಟ್ಸ್‌ಆ್ಯಪನ್ನು ಅಂದಾಜು ಮೊತ್ತಕ್ಕೆ ಒಪ್ಪಿಗೆ ಪಡೆಯಲು, ಸುಟ್ಟ ವೈಂಡಿಂಗಿನ ಫೋಟೋ ತೋರಿಸಲು ಬಳಸಿ. "ಸರಿ, ಮಾಡಿ" ಎಂದು ಅವರು ಬರೆದ ಒಂದು ಸಾಲು ಆಮೇಲಿನ ಎಷ್ಟೋ ವಾದ ತಪ್ಪಿಸುತ್ತದೆ. ಸ್ಮಾರ್ಟ್‌ಫೋನ್ ಇಲ್ಲದ ರೈತರಿಗೆ ಕರೆ ಮಾಡಿ, ಕರೆ ಮಾಡಿದ ದಿನ ಮತ್ತು ಒಪ್ಪಿದ ಮೊತ್ತ ಬರೆದಿಡಿ.

ದಾರಿ ಮೂರು: ಗೂಗಲ್ ಶೀಟ್

ಇಬ್ಬರಿಂದ ಐದು ಜನ ಕೆಲಸ ಮಾಡುವ ಅಂಗಡಿಗೆ ನಮ್ಮ ಸಲಹೆ ಇದೇ. ಖರ್ಚಿಲ್ಲ, ಫೋನಿನಲ್ಲೂ ನಡೆಯುತ್ತದೆ, ವೈಂಡಿಂಗ್ ಡೇಟಾವನ್ನು ನಮಗೆ ಬೇಕಾದ ಹಾಗೆ ಇಡಬಹುದು. ಸಿದ್ಧ ಬಿಲ್ಲಿಂಗ್ ಆ್ಯಪ್‌ಗಳಲ್ಲಿ ಟರ್ನ್ (ಸುತ್ತು), ಪಿಚ್ (ಕಾಯಿಲಿನ ಎರಡು ಬದಿಗಳ ನಡುವಿನ ಅಂತರ), ಗೇಜ್ (ತಂತಿಯ ದಪ್ಪ) ಎಂಬ ಕಲಂಗಳೇ ಇರುವುದಿಲ್ಲ.

ಮೂರು ಹಾಳೆ ಮಾಡಿ: ಜಾಬ್, ಡೇಟಾ, ಹಣ.

ಜಾಬ್ ಹಾಳೆಯಲ್ಲಿ ಜಾಬ್ ನಂಬರ್, ಬಂದ ದಿನ, ಬಿಲ್ಲೆ ನಂಬರ್, ಹೆಸರು, ಊರು, ಫೋನ್, ಇನ್ನೊಂದು ಫೋನ್, ಮೋಟರ್ ವಿವರ, ಜೊತೆಗೆ ಬಂದ ಸಾಮಾನು, ಸುಟ್ಟ ಕಾರಣ, ಒಪ್ಪಿದ ಮೊತ್ತ, ಹಂತ, ಕೊಟ್ಟ ದಿನ. ಗಿರಾಕಿಯನ್ನು ಹೆಸರಿನಿಂದ ಹುಡುಕಲು ಹೋಗಬೇಡಿ. ಒಂದೇ ಊರಿನಲ್ಲಿ ಮೂವರು ಶಿವಣ್ಣ ಇರುತ್ತಾರೆ, ಒಬ್ಬ ಹುಡುಗ ಕನ್ನಡದಲ್ಲಿ ಬರೆದರೆ ಇನ್ನೊಬ್ಬ ಇಂಗ್ಲಿಷಿನಲ್ಲಿ ಬರೆದಿರುತ್ತಾನೆ. ಫೋನ್ ನಂಬರೇ ಗುರುತು. ಸಿಮ್ ಬದಲಾಗುವುದುಂಟು, ಅದಕ್ಕೇ ಎರಡನೇ ನಂಬರ್. ಕನ್ನಡದಲ್ಲಿ ಬರೆಯುವುದಾದರೆ ಯೂನಿಕೋಡ್ ಕೀಬೋರ್ಡೇ ಇರಲಿ. ಹಳೆಯ ಕಂಪ್ಯೂಟರಿನಲ್ಲಿ ಯೂನಿಕೋಡ್ ಅಲ್ಲದ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ್ದು ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ.

ಹಂತಕ್ಕೆ ಡ್ರಾಪ್‌ಡೌನ್ ಇಡಿ: ಬಂತು, ಬಿಚ್ಚಿದೆ, ಒಪ್ಪಿಗೆ ಬಾಕಿ, ಕೆಲಸದಲ್ಲಿ, ಟೆಸ್ಟ್ ಆಯಿತು, ಕೊಟ್ಟಾಯಿತು, ಬೇಡವೆಂದರು. ಇಷ್ಟು ಸಾಕು. ಇಪ್ಪತ್ತು ಹಂತ ಮಾಡಿದರೆ ಯಾರೂ ಬದಲಿಸುವುದಿಲ್ಲ. "ಹಣ ಬಾಕಿ" ಎಂಬುದನ್ನು ಇಲ್ಲಿ ಸೇರಿಸಬೇಡಿ. ಹಣ ಬಾಕಿ ಇರುವಾಗಲೇ ಮೋಟರ್ ಹೋಗಿರಬಹುದು, ಪೂರ್ತಿ ಮುಂಗಡ ಕೊಟ್ಟ ಮೋಟರ್ ಇನ್ನೂ ಬಿಚ್ಚದೆ ಬಿದ್ದಿರಬಹುದು. ಆ ಲೆಕ್ಕಕ್ಕೆ ಮೂರನೇ ಹಾಳೆ ಇದೆ.

ಡೇಟಾ ಹಾಳೆಗೆ ಹೆಚ್ಚು ಗಮನ ಕೊಡಿ. ಕಂಪನಿ, ಎಚ್‌ಪಿ, ಫೇಸ್, ಆರ್‌ಪಿಎಂ, ಸ್ಲಾಟ್ (ತಂತಿ ಕೂರುವ ಸಂದು), ಕೋರ್ (ಸ್ಟೇಟರಿನ ಕಬ್ಬಿಣ) ಉದ್ದ, ಒಳವ್ಯಾಸ, ಪಿಚ್, ಪ್ರತಿ ಕಾಯಿಲಿನ ಟರ್ನ್, ತಂತಿಯ ಅಳತೆ, ಅಳತೆಯ ಮಾನ, ಎಷ್ಟು ತಂತಿ ಜೊತೆಯಾಗಿ, ಸ್ಟಾರೋ ಡೆಲ್ಟಾವೋ (ಮೂರು ಫೇಸ್ ಜೋಡಿಸುವ ಎರಡು ರೀತಿ), ತಾಮ್ರದ ತೂಕ. ಅಳತೆಯ ಮಾನ ಬೇರೆ ಕಲಂ ಆಗಿರಲೇಬೇಕು. ಮಾನೋಬ್ಲಾಕ್ (ಪಂಪೂ ಮೋಟರೂ ಒಂದೇ ಜೋಡಿಯಾಗಿರುವ) ಮೋಟರಿನ ಎನಾಮಲ್ ತಂತಿಯನ್ನು ನಾವು ಎಸ್‌ಡಬ್ಲ್ಯೂಜಿ ಗೇಜಿನಲ್ಲಿ ಹೇಳುತ್ತೇವೆ, ಬೋರ್ ಮೋಟರಿನ ಪ್ಲಾಸ್ಟಿಕ್ ಹೊದಿಕೆಯ ಪಾಲಿ ತಂತಿಯನ್ನು ಮಿಲಿಮೀಟರಿನಲ್ಲಿ. 20 ಗೇಜ್ ಎಂದರೆ 0.914 ಮಿ.ಮೀ., 21 ಎಂದರೆ 0.813. ಒಂದೇ ನಂಬರ್ ತಪ್ಪಿದರೂ ತಾಮ್ರದ ಅಡ್ಡಕೊಯ್ತ ನೂರಕ್ಕೆ 21ರಷ್ಟು ಕಮ್ಮಿಯಾಗುತ್ತದೆ, ಮೋಟರ್ ಬಿಸಿಯಾಗುತ್ತದೆ. ಜೋಡಿ ತಂತಿ ಹಾಕಿದ್ದನ್ನು ಬರೆಯಲು ಮರೆತರೆ ಅರ್ಧಕ್ಕರ್ಧ ತಪ್ಪು.

ಕೋರ್ ಉದ್ದ ಯಾಕೆ ಬೇಕು ಎಂದರೆ, ಒಂದೇ ಕಂಪನಿಯ 5 ಎಚ್‌ಪಿ ಮೋಟರಿನಲ್ಲಿ ಸ್ಟ್ಯಾಂಪಿಂಗ್ (ಕೋರಿನ ಕಬ್ಬಿಣದ ತಗಡು) ಜೋಡಿಸಿದ ಉದ್ದ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗುತ್ತದೆ. ಸ್ಟ್ಯಾಂಪಿಂಗ್, ಪೋಲ್, ವೋಲ್ಟೇಜ್, ಕನೆಕ್ಷನ್ ಒಂದೇ ಆಗಿದ್ದರೆ ಕೋರ್ ಉದ್ದವಾದಷ್ಟೂ ಟರ್ನ್ ಕಮ್ಮಿ. ಅಂದರೆ ಟರ್ನನ್ನು ಕೋರ್ ಉದ್ದದಿಂದ ಗುಣಿಸಿದ ಸಂಖ್ಯೆ ಹೆಚ್ಚುಕಮ್ಮಿ ಒಂದೇ ಬರಬೇಕು. ಆ ಗುಣಾಕಾರಕ್ಕೊಂದು ಕಲಂ ಇಡಿ. ಹೊಸದಾಗಿ ತುಂಬಿದ ಡೇಟಾ ಅದರ ಹತ್ತಿರ ಬರದಿದ್ದರೆ ಎಣಿಕೆ ತಪ್ಪಿರಬಹುದು, ಇಲ್ಲವೇ ಹಿಂದೆ ಕಟ್ಟಿದವರು ತಪ್ಪು ಕಟ್ಟಿರಬಹುದು. ಆ ಎರಡನೆಯದಕ್ಕಾಗಿಯೇ "ಕಂಪನಿ ವೈಂಡಿಂಗ್" ಅಥವಾ "ಬೇರೆಯವರು ಕಟ್ಟಿದ್ದು" ಎಂಬ ಇನ್ನೊಂದು ಕಲಂ ಬೇಕು. ಯಾರೋ ಕೈಗೆ ಸಿಕ್ಕ ತಂತಿಯಲ್ಲಿ ಕಟ್ಟಿದ ಮೋಟರಿನ ಡೇಟಾವನ್ನು ಮೂಲ ಡೇಟಾ ಎಂದುಕೊಂಡು ಇನ್ನು ಹತ್ತು ಮೋಟರಿಗೆ ಅದನ್ನೇ ಹಾಕುವುದು ಈ ಕೆಲಸದಲ್ಲಿ ಬಹಳ ನಡೆಯುವ ತಪ್ಪು. ಕಾಗದದಿಂದ ಪರದೆಗೆ ಬಂದ ತಪ್ಪು ಇನ್ನೂ ಬೇಗ ಹರಡುತ್ತದೆ.

ಶೀಟಿನಲ್ಲಿ ಎಲ್ಲರೂ ಮುಗ್ಗರಿಸುವ ಜಾಗ ಪಿಚ್. 36 ಸ್ಲಾಟಿನ 4 ಪೋಲ್ ಮೋಟರಿಗೆ 1-8, 1-10, 1-12 ಎಂದು ಮೂರು ಖಾನೆಯಲ್ಲಿ ಬರೆದು ಮುಂದೆ ಹೋದರೆ, ಶೀಟ್ ಅದನ್ನು ತಾರೀಖು ಎಂದು ತಿಳಿದು ಆಗಸ್ಟ್ 1, ಅಕ್ಟೋಬರ್ 1, ಡಿಸೆಂಬರ್ 1 ಮಾಡಿಬಿಡುತ್ತದೆ. ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ಜನವರಿ 8, 10, 12. ಆಮೇಲೆ ಫಾರ್ಮ್ಯಾಟ್ ಬದಲಿಸಿದರೂ ಬರೆದದ್ದು ಹಾಗೇ ವಾಪಸ್ ಬರುವುದಿಲ್ಲ. ಏನನ್ನೂ ತುಂಬುವ ಮೊದಲೇ ಪಿಚ್ ಮತ್ತು ಫೋನ್ ಕಲಂಗಳನ್ನು ಪ್ಲೇನ್ ಟೆಕ್ಸ್ಟ್ ಮಾಡಿ. ಫೋನ್ ಕಲಂ ಯಾಕೆಂದರೆ, ಸೊನ್ನೆಯಿಂದ ಶುರುವಾಗುವ ನಂಬರಿನ ಸೊನ್ನೆಯನ್ನು ಶೀಟ್ ನುಂಗುತ್ತದೆ.

ಎರಡನೇ ಅಪಾಯ ಸಾರ್ಟ್. ಒಂದೇ ಕಲಂ ಆರಿಸಿ ಅದನ್ನಷ್ಟೇ ಸಾರ್ಟ್ ಮಾಡಿದರೆ ಹೆಸರೊಂದು ಸಾಲಿಗೆ, ಫೋನೊಂದು ಸಾಲಿಗೆ ಹೋಗುತ್ತದೆ. ಹಾಗಾದರೆ ಗಾಬರಿಪಟ್ಟು ಕೈಯಿಂದ ತಿದ್ದಲು ಹೋಗಬೇಡಿ. ವರ್ಷನ್ ಹಿಸ್ಟರಿಗೆ ಹೋಗಿ ಹಿಂದಿನ ಪ್ರತಿಯನ್ನು ವಾಪಸ್ ತನ್ನಿ. ಹಾಗೆಯೇ ಒಬ್ಬರು ಮಾಮೂಲಿ ಫಿಲ್ಟರ್ ಹಾಕಿ ಬಿಟ್ಟರೆ ಉಳಿದವರಿಗೂ ಅರ್ಧ ಸಾಲುಗಳೇ ಕಾಣುತ್ತವೆ, "ಜಾಬ್ ಅಳಿಸಿಹೋಗಿದೆ" ಎಂದು ಗಲಾಟೆಯಾಗುತ್ತದೆ. ಅದಕ್ಕೆ ಫಿಲ್ಟರ್ ವ್ಯೂ ಬಳಸಿ.

ಸುಟ್ಟ ಕಾರಣ: ಈ ಒಂದು ಕಲಂಗಾಗಿಯೇ ಬದಲಾಗಬಹುದು

ವೈಂಡಿಂಗ್ ಬಿಚ್ಚುವ ಮುಂಚೆ ನಾಲ್ಕು ಫೋಟೋ ತೆಗೆಯಿರಿ: ನೇಮ್ ಪ್ಲೇಟ್, ಟರ್ಮಿನಲ್, ಎರಡೂ ಬದಿಯ ಕಾಯಿಲ್ ತಲೆ. ಸುಟ್ಟ ಗುರುತೇ ಕಾರಣ ಹೇಳುತ್ತದೆ. ಮೂರೂ ಫೇಸ್ ಸಮನಾಗಿ ಕಪ್ಪಾಗಿದ್ದರೆ ಓವರ್‌ಲೋಡ್ ಅಥವಾ ಕಡಿಮೆ ವೋಲ್ಟೇಜ್. ಸ್ಟಾರ್ ಕನೆಕ್ಷನ್ನಿನಲ್ಲಿ ಎರಡು ಫೇಸ್ ಸುಟ್ಟು ಒಂದು ಹೊಸದರಂತೆ ಉಳಿದಿದ್ದರೆ, ಡೆಲ್ಟಾದಲ್ಲಿ ಒಂದೇ ಫೇಸ್ ಸುಟ್ಟಿದ್ದರೆ, ಅದು ಸಿಂಗಲ್ ಫೇಸಿಂಗ್, ಅಂದರೆ ಮೂರು ಫೇಸಿನಲ್ಲಿ ಒಂದು ಕಡಿದುಹೋಗಿ ಮೋಟರ್ ಓಡಿದ್ದು. ಒಂದೇ ಜಾಗದಲ್ಲಿ ಕರಗಿದ್ದರೆ ಕಾಯಿಲ್ ಒಳಗಿನ ಶಾರ್ಟ್ ಅಥವಾ ಬಾಡಿಗೆ ಅರ್ತ್. ರೋಟರ್ ಉಜ್ಜಿದ ಗುರುತಿದ್ದರೆ ಬೇರಿಂಗ್ ಅಥವಾ ಬುಷ್. ಡ್ರಾಪ್‌ಡೌನ್‌ನಲ್ಲಿ ಈ ಐದಾರನ್ನೇ ಇಡಿ, "ಇತರೆ" ಎಂಬುದನ್ನು ಇಡಬೇಡಿ. ಇಟ್ಟರೆ ಎಲ್ಲರೂ ಅದನ್ನೇ ಒತ್ತುತ್ತಾರೆ.

ಒಂದು ಸೀಸನ್ ಹೀಗೆ ತುಂಬಿದ ಮೇಲೆ ಫೋನ್ ನಂಬರ್ ಹುಡುಕಿ ನೋಡಿ. ಒಬ್ಬರ ಮೋಟರ್ ಎರಡನೇ ಸಲವೂ ಸಿಂಗಲ್ ಫೇಸಿಂಗ್‌ನಿಂದಲೇ ಬಂದಿದ್ದರೆ ಮತ್ತೆ ತಾಮ್ರ ಕಟ್ಟಿ ಕಳಿಸುವುದರಿಂದ ಪ್ರಯೋಜನವಿಲ್ಲ. ಸ್ಟಾರ್ಟರಿನಲ್ಲಿ ಓವರ್‌ಲೋಡ್ ರಿಲೇ ಬೈಪಾಸ್ ಆಗಿದೆಯೇ, ಫ್ಯೂಸಿನ ಜಾಗದಲ್ಲಿ ದಪ್ಪ ತಂತಿ ಇದೆಯೇ, ಸಿಂಗಲ್ ಫೇಸಿಂಗ್ ತಡೆಯುವ ಸಾಧನ ಇದೆಯೇ ಎಂದು ನೋಡಬೇಕು. ಪಕ್ಕಪಕ್ಕದ ಹೊಲಗಳ ಮೂರು ನಾಲ್ಕು ಮೋಟರ್ ಒಂದೇ ವಾರ ಒಂದೇ ಕಾರಣಕ್ಕೆ ಬಂದಿದ್ದರೆ ತೊಂದರೆ ಟ್ರಾನ್ಸ್‌ಫಾರ್ಮರಿನಲ್ಲಿರಬಹುದು. ಆ ಪಟ್ಟಿ ಹಿಡಿದು ರೈತರು ಎಸ್ಕಾಂ ಸೆಕ್ಷನ್ ಆಫೀಸಿಗೆ ಹೋದರೆ ಮಾತಿಗೆ ತೂಕ ಬರುತ್ತದೆ. ಬೆಳೆ ಒಣಗುವ ಹೊತ್ತಿನಲ್ಲಿ ಬೋರಿನಿಂದ ಮೋಟರ್ ಎತ್ತಿಸಿ, ಕಟ್ಟಿಸಿ, ಮತ್ತೆ ಇಳಿಸುವ ಖರ್ಚು ಒಬ್ಬ ಸಣ್ಣ ರೈತನಿಗೆ ಏನೆಂದು ಈ ಅಂಗಡಿಯವರಿಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಎರಡನೇ ಸಲ ಸುಡದಂತೆ ನೋಡಿಕೊಳ್ಳಲು ಈ ದಾಖಲೆ ನೇರವಾಗಿ ಸಹಾಯ ಮಾಡುತ್ತದೆ.

ಮೋಟರ್ ಕೊಡುವಾಗ ಸ್ಟಾರ್ಟರ್ ಡಬ್ಬದ ಬಾಗಿಲ ಒಳಗೆ ಅಂಟಿಸಲು ಒಂದು ಸ್ಟಿಕ್ಕರ್ ಕೊಡಿ: ಅಂಗಡಿ ಫೋನ್, ಜಾಬ್ ನಂಬರ್, ಓವರ್‌ಲೋಡ್ ಸೆಟ್ಟಿಂಗ್ ಎಷ್ಟು ಆಂಪಿಯರ್. ಬಿಸಿಲು ನೀರು ತಾಗದ ಜಾಗ ಅದು, ಅಲ್ಲಿ ಸ್ಟಿಕ್ಕರ್ ಬಾಳುತ್ತದೆ.

ಜಾಬ್ ಮುಗಿಸುವಾಗ 500 ವೋಲ್ಟ್ ಮೆಗರ್ (ಇನ್ಸುಲೇಶನ್ ಅಳೆಯುವ ಮೀಟರ್) ರೀಡಿಂಗ್, ಮೂರೂ ಫೇಸಿನ ನೋ‌ಲೋಡ್ ಆಂಪಿಯರ್, ತೆಗೆದ ಹಳೆ ತಾಮ್ರದ ತೂಕ, ಹಾಕಿದ ಹೊಸ ತಾಮ್ರದ ತೂಕ ಬರೆಯಿರಿ. ಹಳೆ ತಾಮ್ರ ಯಾರಿಗೆ ಎಂಬ ಮಾತು ರಸೀದಿಯಲ್ಲೇ ಇರಲಿ.

ದಾರಿ ನಾಲ್ಕು: ಬಿಲ್ಲಿಂಗ್ ಸಾಫ್ಟ್‌ವೇರ್

ವ್ಯಾಪಾರ್, ಟ್ಯಾಲಿ ಮುಂತಾದವು ಬಿಲ್, ತೆರಿಗೆ, ಸ್ಟಾಕ್‌ಗಾಗಿ ಇರುವವು. ದುರಸ್ತಿಯಂತಹ ಸೇವೆ ಸೇರಿದ ವ್ಯವಹಾರದಲ್ಲಿ ವರ್ಷದ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಬರೀ ಸಾಮಾನು ಮಾರುವವರಿಗೆ ಕರ್ನಾಟಕದಲ್ಲಿ ಮಿತಿ 40 ಲಕ್ಷ, ಅದನ್ನು ನೋಡಿ ವೈಂಡಿಂಗ್ ಅಂಗಡಿಯವರು ನಿಶ್ಚಿಂತರಾಗಬಾರದು. ನೋಂದಣಿಯಾದವರು ಈ ದಾರಿಗೆ ಬರುವುದೇ ಒಳ್ಳೆಯದು. ಬಿಲ್ ನಂಬರ್ ಆರ್ಥಿಕ ವರ್ಷದೊಳಗೆ ತಪ್ಪದೆ ಸರಣಿಯಾಗಿ, 16 ಅಕ್ಷರ ಮೀರದಂತೆ ಇರಬೇಕು. ಬೇಡವೆಂದು ವಾಪಸ್ ಹೋದ ಮೋಟರಿಗೂ ಜಾಬ್ ನಂಬರ್ ಇರುತ್ತದೆ, ಹಾಗಾಗಿ ಜಾಬ್ ನಂಬರನ್ನೇ ಬಿಲ್ ನಂಬರ್ ಮಾಡಿದರೆ ಸರಣಿ ಕಡಿಯುತ್ತದೆ. ಬಿಲ್ಲಿನ ಷರಾದಲ್ಲಿ ಜಾಬ್ ನಂಬರ್ ಹಾಕಿದರೆ ಸಾಕು.

ಲೆಕ್ಕವನ್ನು ವಾರ್ಷಿಕ ರಿಟರ್ನ್ ಕೊಡಬೇಕಾದ ಕೊನೆಯ ದಿನದಿಂದ 72 ತಿಂಗಳು ಕಾಪಾಡಬೇಕು. ಕಂಪ್ಯೂಟರಿನಲ್ಲಿ ಇಟ್ಟ ಲೆಕ್ಕದಲ್ಲಿ ತಿದ್ದಿದ್ದು, ಅಳಿಸಿದ್ದು ದಾಖಲಾಗಿರಬೇಕು ಎಂಬುದೂ ನಿಯಮ. ತೆರಿಗೆ ಬಿಲ್ಲಿಗೆ ಶೀಟನ್ನು ನೆಚ್ಚಿಕೊಳ್ಳಬೇಡಿ ಎನ್ನುವುದು ಇದಕ್ಕೇ. ಜಾಬ್ ಮತ್ತು ಡೇಟಾ ಶೀಟಿನಲ್ಲೇ ಇರಲಿ, ಬಿಲ್ ಮತ್ತು ತಾಮ್ರದ ಸ್ಟಾಕ್ ಸಾಫ್ಟ್‌ವೇರಿಗೆ ಹೋಗಲಿ. ಸ್ಟಾಕನ್ನು ಗೇಜ್ ಪ್ರಕಾರ ಕಿಲೋ ಲೆಕ್ಕದಲ್ಲಿ ಇಡಿ, ತುಂಡು ತಂತಿಯ ಸವಕಲಿಗೆ ಬೇರೆ ಐಟಂ ಮಾಡಿ.

ದಾರಿ ಐದು: ಇಆರ್‌ಪಿ

ಇಆರ್‌ಪಿನೆಕ್ಸ್ಟ್ ಓಪನ್ ಸೋರ್ಸ್, ಒಡೂದಲ್ಲಿ ದುರಸ್ತಿಗೆಂದೇ ಒಂದು ಮಾಡ್ಯೂಲ್ ಇದೆ. ಇವು ಬಿಲ್, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ದೊಡ್ಡ ಸಾಫ್ಟ್‌ವೇರುಗಳು. ಎರಡು ಶಾಖೆ, ಪಂಪ್ ಕಂಪನಿಯ ವಾರಂಟಿ ಕೆಲಸ, ಲೆಕ್ಕಕ್ಕೇ ಒಬ್ಬರು ನೌಕರರು ಇದ್ದರೆ ಯೋಚಿಸಿ. ಅಷ್ಟಿಲ್ಲದಿದ್ದರೆ ಅದನ್ನು ನೋಡಿಕೊಳ್ಳುವುದೇ ಒಂದು ಕೆಲಸವಾಗುತ್ತದೆ.

ಬದಲಾಯಿಸುವ ಕ್ರಮ

ಮಳೆಗಾಲದಲ್ಲಿ ಶುರುಮಾಡಿ, ಮೋಟರ್ ಕಮ್ಮಿ ಇರುವ ಕಾಲ ಅದು. ಮೊದಲ ದಿನ ಹಳೆ ಡೇಟಾ ನೋಟ್‌ಬುಕ್ಕಿನ ಪ್ರತಿ ಪುಟದ ಫೋಟೋ ತೆಗೆದು ಬಿಡಿ. ಟೈಪ್ ಮಾಡಲು ಕೂರಬೇಡಿ. ಆ ಮಾಡೆಲ್ ಮೋಟರ್ ಮತ್ತೆ ಬಂದಾಗ, ಕೈಯಲ್ಲಿ ಮೋಟರ್ ಇಟ್ಟುಕೊಂಡು ಅಳತೆ ತಾಳೆ ನೋಡಿ ತುಂಬಿ. ಹೀಗೆ ತುಂಬಿದ್ದನ್ನು ನಂಬಬಹುದು.

ನಿಗದಿ ಮಾಡಿದ ದಿನದಿಂದ ಬಂದ ಹೊಸ ಮೋಟರ್ ಮಾತ್ರ ಶೀಟಿಗೆ. ಹಳೆಯವು ಹಳೆ ರಿಜಿಸ್ಟರಿನಲ್ಲೇ ಮುಗಿಯಲಿ. ಬೆಂಚಿನ ಹತ್ತಿರ ಕಾಗದದ ಕಾರ್ಡ್ ಇರಲೇಬೇಕು, ಗ್ರೀಸ್ ಕೈಯಲ್ಲಿ ಫೋನ್ ಒತ್ತಿ ಎಂದರೆ ಯಾವ ಮೇಸ್ತ್ರಿಯೂ ಒತ್ತುವುದಿಲ್ಲ. ಮೇಸ್ತ್ರಿ ಕಾರ್ಡಿನಲ್ಲಿ ಬರೆಯಲಿ, ಗಲ್ಲಾದಲ್ಲಿ ಕೂತವರು ಸಂಜೆ ಶೀಟಿಗೆ ಹಾಕಲಿ. ತುಂಬುವ ಜವಾಬ್ದಾರಿ ಒಬ್ಬರದೇ ಆಗಿರಬೇಕು. ಗಿರಾಕಿಗೆ ಕೊಡುವ ರಸೀದಿಯೂ ಕಾಗದದ್ದೇ ಇರಲಿ.

ತಿಂಗಳ ಕೊನೆಗೆ ಶೀಟ್ ಪ್ರಕಾರ ಅಂಗಡಿಯಲ್ಲಿ ಇರಬೇಕಾದ ಮೋಟರುಗಳನ್ನು ನೆಲದ ಮೇಲಿರುವ ಬಿಲ್ಲೆಗಳ ಜೊತೆ ಎಣಿಸಿ ನೋಡಿ. ಎರಡು ತಿಂಗಳು ಸತತವಾಗಿ ತಾಳೆಯಾದರೆ ಹಳೆ ರಿಜಿಸ್ಟರ್ ನಿಲ್ಲಿಸಬಹುದು. ಅದೇ ಎಣಿಕೆಯಲ್ಲಿ ಆರು ತಿಂಗಳಿಂದ ಬಿದ್ದಿರುವ, ಯಾರೂ ಕೇಳದ ಮೋಟರುಗಳೂ ಕಾಣುತ್ತವೆ. ಕೆಲಸದ ಕೂಲಿ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು 1872ರ ಭಾರತೀಯ ಕರಾರು ಕಾಯ್ದೆಯ 170ನೇ ಕಲಮಿನಲ್ಲಿದೆ. ಉದ್ರಿ ಎಂದು ಮೋಟರ್ ಕೊಟ್ಟುಬಿಟ್ಟ ಮೇಲೆ ಅದು ಉಳಿಯುವುದಿಲ್ಲ.

ಶೀಟಿನ ಗೂಗಲ್ ಖಾತೆ ಮಾಲೀಕರ ಹೆಸರಿನಲ್ಲಿ, ಮಾಲೀಕರ ಫೋನ್ ನಂಬರಿಗೆ ಕಟ್ಟಿದ್ದಾಗಿರಲಿ. ಕೆಲಸದ ಹುಡುಗನ ಸ್ವಂತ ಖಾತೆಯಲ್ಲಿ ಶುರುಮಾಡಿದರೆ ಅವನು ಬೇರೆ ಅಂಗಡಿಗೆ ಹೋದ ದಿನ ಡೇಟಾವೂ ಹೋಗುತ್ತದೆ. ಡೇಟಾವನ್ನು ಪ್ರತ್ಯೇಕ ಫೈಲಿನಲ್ಲಿಟ್ಟರೆ ಉಳಿದವರಿಗೆ ನೋಡುವ ಅನುಮತಿ ಮಾತ್ರ ಕೊಟ್ಟು, ಡೌನ್‌ಲೋಡ್ ಮತ್ತು ಕಾಪಿ ನಿಲ್ಲಿಸಬಹುದು. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಫೋಟೋ ಮತ್ತು ವಾಟ್ಸ್‌ಆ್ಯಪ್ ಬ್ಯಾಕಪ್ ಎರಡೂ ಅದರಲ್ಲೇ ಸೇರುತ್ತವೆ. ಮೋಟರ್ ಫೋಟೋಗಳನ್ನು ಕಡಿಮೆ ರೆಸಲ್ಯೂಶನ್ನಿನಲ್ಲಿ ತೆಗೆದರೂ ಕೆಲಸ ನಡೆಯುತ್ತದೆ. ಪ್ರತಿ ಶನಿವಾರ ಎರಡೂ ಫೈಲನ್ನು ಇಳಿಸಿ ಪೆನ್ ಡ್ರೈವಿಗೆ ಹಾಕಿ. ವರ್ಷಕ್ಕೊಮ್ಮೆ ಡೇಟಾ ಹಾಳೆಯನ್ನು ಪ್ರಿಂಟ್ ತೆಗೆದು ಬೈಂಡ್ ಮಾಡಿಸಿ, ಮನೆಯಲ್ಲಿಡಿ, ಅಂಗಡಿಯಲ್ಲಿ ಬೇಡ.